ಮುಸುರೆ ಕುದಿಸುವ ಸೌದೆ ಖರ್ಚು ದೊಡ್ಡದಲ್ಲ

ಹಂದಿ ಸಾಕುವವರಿಗೆ ಎರಡು ಜ್ವರಗಳ ಭಯ. ಒಂದು ಹಳೆಯ ಹಂದಿ ಜ್ವರ. ಇನ್ನೊಂದು ಆಫ್ರಿಕನ್ ಹಂದಿ ಜ್ವರ. ಇದು 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡಿತು. 2022ರ ಜುಲೈನಲ್ಲಿ ಕೊಡಗಿನ ಪಕ್ಕದ ವಯನಾಡಿಗೂ ಬಂತು. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಹಂದಿಗೂಡಿಗೆ ಹೊಕ್ಕರೆ ಗೂಡೇ ಖಾಲಿ.

ಎರಡೂ ವೈರಸ್ ಕಾಯಿಲೆ. ಎರಡಕ್ಕೂ ವಾಸಿ ಮಾಡುವ ಔಷಧಿ ಇಲ್ಲ. ಆದರೂ ಹಂದಿ ಮೇವು ಬಿಟ್ಟ ಕೂಡಲೇ ಇಂಜೆಕ್ಷನ್ ಕೊಡಿಸಿ ದುಡ್ಡು ಸುರಿಯುತ್ತೇವೆ. ಒಂದೇ ಸೂಜಿಯನ್ನು ಹತ್ತು ಹಂದಿಗೆ ಚುಚ್ಚಿದರೆ ಕಾಯಿಲೆಯನ್ನು ನಾವೇ ಹಂಚಿದಂತೆ. ಹಣ ಹಾಕಬೇಕಾದದ್ದು ಜ್ವರ ಬರುವ ಮೊದಲು.

ಹಳೆಯ ಜ್ವರಕ್ಕೆ ಲಸಿಕೆ ಇದೆ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ರೂಪಿಸಿದ ಹೊಸ ಲಸಿಕೆ 2020ರಲ್ಲಿ ಬಿಡುಗಡೆಯಾದಾಗ ಡೋಸಿಗೆ 2 ರೂಪಾಯಿಗಿಂತ ಕಡಿಮೆ ಎಂದು ಹೇಳಲಾಗಿತ್ತು. ಒಂದು ಹಂದಿ ಸತ್ತರೆ ಆಗುವ ನಷ್ಟದ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಆಫ್ರಿಕನ್ ಜ್ವರಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. ಎಚ್ಚರಿಕೆಯೇ ಲಸಿಕೆ. ಇದರ ವೈರಸ್ ಮಾಂಸದ ತುಣುಕಿನಲ್ಲೂ ಬದುಕಿರುತ್ತದೆ, ಹೋಟೆಲ್ ಮುಸುರೆಯ ಜೊತೆ ಗೂಡಿಗೆ ಬರುತ್ತದೆ. 'ಮುಸುರೆ ಹಾಕಲೇಬೇಡಿ' ಎನ್ನುವುದು ಸುಲಭ. ಆದರೆ ಸಾಕಣೆಯಲ್ಲಿ ದೊಡ್ಡ ಖರ್ಚು ಮೇವಿನದೇ. ನಾಲ್ಕೈದು ಹಂದಿ ಇಟ್ಟುಕೊಂಡವರು ಅಂಗಡಿ ಫೀಡ್ ಕೊಂಡು ಪೂರೈಸಲಾರರು. ಹಾಗಾಗಿ ಮುಸುರೆಯನ್ನು ಅರ್ಧ ಗಂಟೆ ಕೊತಕೊತ ಕುದಿಸಿ ಹಾಕಿ. ಹೊಸದಾಗಿ ತಂದ ಹಂದಿಯನ್ನು ಒಂದು ತಿಂಗಳು ಬೇರೆ ಕಟ್ಟಿ. ಕೊಳ್ಳುವವರನ್ನು ಗೂಡಿನ ಹೊರಗೇ ನಿಲ್ಲಿಸಿ.

ಆದರೆ ಒಬ್ಬರೇ ಕುದಿಸಿದರೆ ಸಾಲದು. ಪಕ್ಕದ ಮನೆಯವರು ಹಸಿ ಮುಸುರೆ ಹಾಕಿದರೆ ನಿಮ್ಮ ಸೌದೆಯೂ ದಂಡ. ರೋಗ ಖಚಿತವಾದರೆ 1 ಕಿ.ಮೀ. ಸುತ್ತಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, ಯಾರು ಕುದಿಸಿದ್ದರು ಎಂದು ಕೇಳುವುದಿಲ್ಲ. ಆದ್ದರಿಂದ ಇದು ಊರಿನ ಖರ್ಚು. ಪಂಚಾಯಿತಿಯೇ ಒಂದು ದೊಡ್ಡ ಹಂಡೆ, ಒಲೆ ಮಾಡಿಕೊಡಲಿ.

ಸರ್ಕಾರವೂ ಒಂದು ಲೆಕ್ಕ ತಿದ್ದಬೇಕು. ಪರಿಹಾರ ಸಿಗುವುದು ಇಲಾಖೆ ಕೊಂದ ಹಂದಿಗೆ. ಅದಕ್ಕೆ ಮೊದಲೇ ಜ್ವರದಿಂದ ಸತ್ತದ್ದಕ್ಕಲ್ಲ. ಹೀಗಿರುವಾಗ ಬಡವ ಏನು ಮಾಡುತ್ತಾನೆ? ಕಾಯಿಲೆಯ ಹಂದಿಯನ್ನು ಬಂದಷ್ಟಕ್ಕೆ ರಾತ್ರೋರಾತ್ರಿ ಮಾರುತ್ತಾನೆ. ಜ್ವರ ಮುಂದಿನ ಊರಿಗೆ ಹೋಗುತ್ತದೆ. ಮೊದಲು ಸುದ್ದಿ ಕೊಟ್ಟವರಿಗೆ ಸತ್ತ ಹಂದಿಗೂ ಪರಿಹಾರ ಕೊಡಿ. ಬಚ್ಚಿಡುವುದು ಆಗ ನಿಲ್ಲುತ್ತದೆ. ಹತ್ತು ಊರಿನ ಹಂದಿ ಕೊಂದು ಪರಿಹಾರ ಕೊಡುವುದಕ್ಕಿಂತ ಅದು ಅಗ್ಗ.