ಹಿಂದಣ ದೀಪ

ಕಾರಿನ ಮುಂದಿನ ದೀಪವೊಂದು ಕೆಟ್ಟರೆ ನಮ್ಮ ಜನ ಅಂದೇ ಸಂಜೆ ಸರಿಮಾಡಿಸುತ್ತಾರೆ. ಹಾರನ್ನು ಕೂಗದಿದ್ದರಂತೂ ಗಾಡಿಯನ್ನೇ ಹೊರಗೆ ತೆಗೆಯರು. ಆದರೆ ಹಿಂದಕ್ಕೆ ಸರಿಯುವಾಗ ಹತ್ತಬೇಕಾದ ಬಿಳಿಯ ದೀಪ, ಎಂದರೆ ರಿವರ್ಸ್ ಲೈಟು, ವರ್ಷಗಟ್ಟಲೆ ಕೆಟ್ಟು ನಿಂತಿದ್ದರೂ ಅದರ ಗೋಜಿಗೆ ಹೋಗುವವರು ವಿರಳ. ಅದು ಬೆಳಗುವುದು ಬಹುಮಟ್ಟಿಗೆ ಪರರಿಗಾಗಿ ಎಂಬುದೇ ಈ ಉದಾಸೀನಕ್ಕೆ ಕಾರಣವಿರಬೇಕು.

ಇದೊಂದು ಸಣ್ಣ ಸಂಗತಿಯೆಂದು ವಾಚಕರು ನಗಬಹುದು. ಸಂಜೆ ಏಳರ ಹೊತ್ತಿಗೆ ಆರ್.ಟಿ. ನಗರದ ಅಡ್ಡರಸ್ತೆಯನ್ನೋ ಯಲಹಂಕದ ಹಳೆಯ ಊರಿನ ಓಣಿಯನ್ನೋ ನೋಡಿ ಬರಲಿ. ಎರಡು ಬದಿಗೂ ನಿಂತ ಗಾಡಿಗಳು, ನಡುವೆ ಆಡುವ ಮಕ್ಕಳು, ಮೊಸರು ತರಲು ಹೊರಟ ಅಜ್ಜಿ. ಎದುರಿಗೊಂದು ಕಾರು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. 2019ರ ಜುಲೈ 1ರಿಂದೀಚೆಗೆ ತಯಾರಾಗುವ ಕಾರುಗಳಲ್ಲಿ ಹಿಂದಿನ ಅಡ್ಡಿಯನ್ನರಿತು ಎಚ್ಚರಿಸುವ ಸೆನ್ಸರು ಕಡ್ಡಾಯ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ಕ್ಕೆ ಆ ಭಾಗ್ಯವೆಲ್ಲಿ? ಅಲ್ಲಿ ಇರುವುದು ಚಾಲಕನ ಕತ್ತು, ಮತ್ತು ಆ ದೀಪ.

ದುರಸ್ತಿಯಾದರೂ ಬ್ರಹ್ಮವಿದ್ಯೆಯಲ್ಲ. ಹ್ಯಾಂಡ್‌ಬ್ರೇಕು ಎಳೆದು, ಇಂಜಿನ್ನು ಹೊತ್ತಿಸದೆ ಕೀಲಿಯನ್ನಷ್ಟೇ ತಿರುಗಿಸಿ, ರಿವರ್ಸ್ ಗೇರು ಹಾಕಿ, ಹಿಂದೆ ಹೋಗಿ ನೋಡಬೇಕು. ಎರಡು ದೀಪಗಳಲ್ಲಿ ಒಂದು ಮಾತ್ರ ಹತ್ತದಿದ್ದರೆ ದೋಷ ಅಲ್ಲಿಯೇ ಇದೆ: ಸಾಮಾನ್ಯವಾಗಿ 12 ವೋಲ್ಟಿನ, 21 ವ್ಯಾಟಿನ ಬಲ್ಬು ಸುಟ್ಟಿರಬಹುದು, ಇಲ್ಲವೆ ಮಳೆನೀರು ಇಳಿದು ಹೋಲ್ಡರಿಗೆ ತುಕ್ಕು ಹಿಡಿದಿರಬಹುದು. ಮರಳುಕಾಗದದಿಂದ ಉಜ್ಜಿದರೆ ಎಷ್ಟೋ ದೀಪಗಳು ಮರುಜನ್ಮ ಪಡೆಯುತ್ತವೆ. ಎರಡೂ ಹತ್ತದಿದ್ದರೆ ಮೊದಲು ಫ್ಯೂಸು, ಆಮೇಲೆ ಗೇರ್ ಬಾಕ್ಸಿನ ಮೇಲಿರುವ ಸ್ವಿಚ್ಚು. ರಿವರ್ಸ್ ಗೇರು ಬಿದ್ದಾಗ ಈ ಸ್ವಿಚ್ಚಿನ ಗುಂಡಿ ಒತ್ತಲ್ಪಟ್ಟು ವಿದ್ಯುತ್ತು ಹರಿಯುತ್ತದೆ. ಅದರ ಎರಡು ತಂತಿಗಳನ್ನು ಕಳಚಿ, ತುಂಡು ತಂತಿಯಿಂದ ಒಂದಕ್ಕೊಂದು ಸೇರಿಸಿದಾಗ ದೀಪ ಹತ್ತಿತೋ, ಸ್ವಿಚ್ಚು ಕೆಟ್ಟಿದೆ. ಹತ್ತಲಿಲ್ಲವೋ, ತಂತಿ ಎಲ್ಲೋ ತುಂಡಾಗಿದೆ. ಡಿಕ್ಕಿಯ ಬಾಗಿಲಿನಲ್ಲಿಯೇ ದೀಪವಿರುವ ಕಾರುಗಳಲ್ಲಿ ಕೀಲಿನ ಬಳಿ ಹುಡುಕುವುದು ಲೇಸು.

ಹಿಂದೆ ಸರಿಯುವಾಗ ಹಾಡುವ ಯಂತ್ರವನ್ನು ಹಾಕಿಸಿಕೊಂಡು ಕೆಲವರು ತೃಪ್ತರಾಗಿರುತ್ತಾರೆ. ಆ ಸಂಗೀತಕ್ಕೂ ವಿದ್ಯುತ್ತು ಸಾಮಾನ್ಯವಾಗಿ ಇದೇ ದೀಪದ ತಂತಿಯಿಂದಲೇ. ಆದ್ದರಿಂದ ಕಾರು ಹಾಡುತ್ತಿದ್ದು ದೀಪ ಹತ್ತದಿದ್ದರೆ ಫ್ಯೂಸು, ಸ್ವಿಚ್ಚುಗಳೆರಡೂ ಕ್ಷೇಮ. ಬಲ್ಬಿನ ಕಡೆಗೆ ನೋಡಿದರೆ ಸಾಕು. ಆ ಹಾಡಿನಿಂದಾಗುವ ಏಕೈಕ ಉಪಕಾರ ಇದೆಂದು ನನ್ನ ಅಭಿಪ್ರಾಯ!

ಇದಾವುದನ್ನೂ ನೋಡದೆ ಹೊಸ ಸ್ವಿಚ್ಚಿಗಾಗಿ ಜೆ.ಸಿ. ರಸ್ತೆಗೆ ಓಡುವವರಿದ್ದಾರೆ. ನೋಂದಣಿಗೆ 15 ವರ್ಷ ತುಂಬಿ, ಯಶವಂತಪುರದ ಅಥವಾ ಯಲಹಂಕದ ಸಾರಿಗೆ ಕಚೇರಿಗೆ ತಪಾಸಣೆಗೆ ಹೋಗುವ ಮುನ್ನಾದಿನ ಮಾತ್ರ ದೀಪವನ್ನು ನೆನೆಯುವವರೂ ಇದ್ದಾರೆ. ಒಮ್ಮೆ ನವೀಕರಿಸಿದರೆ ಮುಂದಿನ 5 ವರ್ಷ ಕೇಳುವವರಿಲ್ಲವಲ್ಲ!

ನಮ್ಮ ಕಾಲೇಜಿನ ಮರದಡಿಯಲ್ಲಿ ನಿಲ್ಲುವ ಹಳೆಯ ಕಾರುಗಳ ಒಡೆಯರಾದ ಅಧ್ಯಾಪಕರು ಅಪ್ಪಣೆ ಕೊಟ್ಟರೆ, ಶನಿವಾರ ಪಾಠ ಮುಗಿದ ಮೇಲೆ ನಾವು ನಾಲ್ವರು ಒಂದು ಬಲ್ಬು, ಎರಡು ತಂತಿ ಹಿಡಿದು ಬರಲು ಸಿದ್ಧರಿದ್ದೇವೆ.