ಪ್ರಶ್ನೆ ಕೇಳಿದವರೇ ಉತ್ತರಕ್ಕೆ ಹೆದರಿದರು

"ಲೆಫ್ಟ್ ಕಥೆ ಮುಗೀತು ಗುರು, ಜನಕ್ಕೆ ಅದೆಲ್ಲ ಬೇಡ." ಕಾಫಿ ಬ್ರೇಕಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಗ್ರೀಸ್ ನೆನಪಾಗುತ್ತದೆ. ಅಲ್ಲಿ ಜನಕ್ಕೆ ಅದು ಬೇಕಿತ್ತು ಸ್ವಾಮಿ!

2009ರಲ್ಲಿ ಶೇ. 5 ಮತವನ್ನೂ ದಾಟದ ಸಿರಿಜಾ ಎಂಬ ಕಡು ಎಡಪಂಥೀಯ ಕೂಟ, 2015ರ ಜನವರಿಯಲ್ಲಿ ಶೇ. 36 ಮತ ಪಡೆದು ಅಧಿಕಾರಕ್ಕೆ ಬಂತು. ಸಾಲ ಕೊಟ್ಟವರು ಹೇರಿದ ಪಿಂಚಣಿ ಕಡಿತ, ಸಂಬಳ ಕಡಿತ ನಿಲ್ಲಿಸ್ತೀವಿ ಅನ್ನೋದೇ ಅದರ ಭರವಸೆ. ಜುಲೈ 5ರಂದು ಪ್ರಧಾನಿ ಸಿಪ್ರಾಸ್ ಜನರನ್ನೇ ಕೇಳಿದರು: ಸಾಲ ಕೊಟ್ಟವರ ಷರತ್ತು ಒಪ್ಪೋಣವಾ? ಬ್ಯಾಂಕುಗಳು ಮುಚ್ಚಿದ್ದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಆದರೂ ಶೇ. 61ರಷ್ಟು ಮಂದಿ 'ಬೇಡ' ಅಂದರು. ಎಂಟನೇ ದಿನಕ್ಕೆ ಸಿಪ್ರಾಸ್ ಅಂಥದ್ದೇ ಷರತ್ತುಗಳಿಗೆ ತಲೆಯಾಡಿಸಿ ಬಂದರು.

ಯೂರೋ ಬಿಟ್ಟರೆ ದೇಶ ಕುಸಿಯುತ್ತಿತ್ತು ಅಂತೀರಾ? ಇರಬಹುದು. ಆ ಲೆಕ್ಕವನ್ನು ಜನರನ್ನು ಕೇಳುವ ಮುಂಚೆ ಹಾಕಬೇಕಿತ್ತು. 'ಬೇಡ' ಅಂದರೆ ಮುಂದೇನು ಅನ್ನೋದಕ್ಕೆ ತಯಾರಿ ಇಲ್ಲದೆ ಜನರನ್ನು ಮುಂದೆ ಬಿಡೋದು ಕ್ರಾಂತಿಯಲ್ಲ, ಜೂಜು. ಅದೂ ಬೇರೆಯವರ ದುಡ್ಡಲ್ಲಿ.

ಸೆಪ್ಟೆಂಬರಿನಲ್ಲಿ ಸಿರಿಜಾ ಮತ್ತೆ ಗೆದ್ದಿತು, ನಿಜ. ಆದರೆ ಮತದಾನವೇ ಇಳಿದಿತ್ತು. ಜನವರಿಯಲ್ಲಿ ಸಾಲು ನಿಂತವರಲ್ಲಿ ಎಷ್ಟೋ ಮಂದಿ ಮನೆಯಲ್ಲೇ ಉಳಿದರು. 2023ರ ಜೂನ್ ಹೊತ್ತಿಗೆ ಪಕ್ಷಕ್ಕೆ ಸಿಕ್ಕಿದ್ದು ಶೇ. 18ರಷ್ಟು ಮತ.

ಹಾಗಾಗಿ ಮುಂದಿನ ಸಲ 'ಜನಕ್ಕೆ ಬೇಡ' ಅನ್ನೋ ಮುಂಚೆ ಆ ಶೇ. 61 ನೆನಪಿರಲಿ. ಅವರು ತಮ್ಮ ಮಾತಿಗೆ ನಿಂತಿದ್ದರು.