ಕಾಣುತ್ತೆ ಅಂದ್ಮೇಲೆ ನಾಟಕ ಅಲ್ವಾ?

ಬಿಳಿ ಕೋಲು ಹಿಡಿದವನೊಬ್ಬ ಮೊಬೈಲ್ ಓದ್ತಿರೋ ಫೋಟೋ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂತು. "ಏನ್ ಆಕ್ಟಿಂಗ್ ಗುರೂ!" ಅಂತ ಬರೆದವರೆಲ್ಲ ಬಿಇ, ಎಂಟೆಕ್. ನಮ್ಮೂರಿನ ಓದದ ಅಜ್ಜಿಯರಿಗೇ ಇರುಳುಗಣ್ಣು ಗೊತ್ತಿತ್ತು. ಹಗಲೆಲ್ಲ ಹೊಲ ಗೇಯ್ದವನು ಸಂಜೆ ಹಟ್ಟಿಯೊಳಗೆ ಗೋಡೆ ಸವರಿಕೊಂಡು ಬಂದ್ರೆ ಯಾರೂ ಅವನನ್ನ ಕಳ್ಳ ಅನ್ನಲಿಲ್ಲ.

ಕಣ್ಣು ಸೊನ್ನೆ-ಒಂದರ ಲೆಕ್ಕ ಅಲ್ಲ ಸ್ವಾಮಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಸರಿಯಾದ ಕನ್ನಡಕ ಹಾಕಿದ ಮೇಲೂ, ಇದ್ದುದರಲ್ಲಿ ಚೆನ್ನಾಗಿರೋ ಕಣ್ಣಿನ ನೋಟ 6/18ಕ್ಕಿಂತ ಕಡಿಮೆ ಇದ್ದು 3/60ರೊಳಗೆ ನಿಂತ್ರೆ ಅದು ಲೋ ವಿಷನ್. ನೀವು 18 ಮೀಟರ್ ದೂರದಿಂದ ಓದೋ ಅಕ್ಷರಕ್ಕೆ ಅವರು 6 ಮೀಟರಿಗಿಂತ ಹತ್ತಿರ ಬರಬೇಕು. ಕೆಲವರಿಗೆ ಎದುರಿನ ಅಕ್ಷರ ಕಾಣುತ್ತೆ, ಅಕ್ಕಪಕ್ಕ ಕಾಣಲ್ಲ, ಕೊಳವೆಯಲ್ಲಿ ನೋಡಿದ ಹಾಗೆ. ಅವರು ಮೊಬೈಲನ್ನೂ ಓದ್ತಾರೆ, ಅವರಿಗೆ ಕೋಲೂ ಬೇಕು.

ಸರ್ಕಾರ 2017ರಲ್ಲಿ ಅಂಧತ್ವದ ಗೆರೆಯನ್ನ 6/60ರಿಂದ 3/60ಕ್ಕೆ ಇಳಿಸ್ತು. ಲೆಕ್ಕದಲ್ಲಿ ಕುರುಡರು ಕಡಿಮೆಯಾದ್ರು. ನಡುವೆ ಸಿಕ್ಕಿಕೊಂಡವರ ಕಣ್ಣು ಮಾತ್ರ ಮೊದಲಿನಷ್ಟೇ.

ಮೈಸೂರಿಗೆ ಒಂದು ಶಹಬ್ಬಾಸ್ ಹೇಳಲೇಬೇಕು. ಇಲ್ಲಿನ 200 ಸಿಟಿ ಬಸ್ಸುಗಳಿಗೆ ಕೆಎಸ್ಆರ್‌ಟಿಸಿ 'ಧ್ವನಿ ಸ್ಪಂದನ' ಅಳವಡಿಸ್ತು. ಕೈಯಲ್ಲಿರೋ ಪುಟ್ಟ ಸಾಧನದ ಗುಂಡಿ ಒತ್ತಿದ್ರೆ ಹತ್ತಿರದ ಬಸ್ಸೇ ತನ್ನ ನಂಬರ್ ಹೇಳುತ್ತೆ. (ಕೆಆರ್‌ಎಸ್ ರಸ್ತೆಯ ಬಿಸಿಲಲ್ಲಿ ಬಸ್ ಬೋರ್ಡ್ ಓದೋದು ನನಗೂ ಕಷ್ಟವೇ.) ಅದೇ ಮೇಟಗಳ್ಳಿಯ ಬಾಡಿಗೆ ಮನೇಲಿ ಕೂತು ನಾವು ಬರೆಯೋ ಆಪ್? ಬಿಳಿ ಮೇಲೆ ತಿಳಿ ಬೂದು ಅಕ್ಷರ, 'ಪ್ರೀಮಿಯಂ ಲುಕ್' ಅಂತೆ. ಡಬ್ಲ್ಯೂಸಿಎಜಿ ಮಾನದಂಡ ಮಾಮೂಲಿ ಗಾತ್ರದ ಅಕ್ಷರಕ್ಕೆ 4.5:1 ಕಾಂಟ್ರಾಸ್ಟ್ ಕೇಳುತ್ತೆ. ಆ ಟಿಕೆಟ್ ಮಾತ್ರ ಯಾವಾಗಲೂ ಮುಂದಿನ ಸ್ಪ್ರಿಂಟಿಗೆ. "ಅಂಥ ಯೂಸರ್ಸ್ ಎಷ್ಟು ಜನ ಇದ್ದಾರೆ?" ಅಂತ ಮೀಟಿಂಗಲ್ಲಿ ಪ್ರಶ್ನೆ ಬೇರೆ. ಓದೋಕಾಗದೆ ಆಪ್ ಡಿಲೀಟ್ ಮಾಡಿದವರು ನಿಮ್ಮ ಡ್ಯಾಶ್‌ಬೋರ್ಡಲ್ಲಿ ಹೇಗೆ ಸಿಗ್ತಾರೆ ಸಾರ್?

ಮನೇಲೂ ಇದೇ ಕತೆ. ಅಮ್ಮನ್ನ ಮೂರನೇ ಕನ್ನಡಕದಂಗಡಿಗೆ ಕರ್ಕೊಂಡು ಹೋಗೋದನ್ನ ನಿಲ್ಲಿಸಿ. ಗ್ಲಾಕೋಮಾ ತಿಂದ ನೋಟ ವಾಪಸ್ ಬರಲ್ಲ, ನಿಜ. ಆದ್ರೆ ಡಾಕ್ಟರು "ಇನ್ನೇನೂ ಮಾಡೋಕಾಗಲ್ಲ" ಅಂದಾಗ ಎದ್ದು ಬರಬೇಡಿ, "ಲೋ ವಿಷನ್ ಕ್ಲಿನಿಕ್‌ಗೆ ಬರೆದುಕೊಡಿ" ಅನ್ನಿ. ಉಳಿದಿರೋ ನೋಟಕ್ಕೆ ಯಾವ ಭೂತಗನ್ನಡಿ, ದೀಪ ಎಲ್ಲಿಡಬೇಕು ಅಂತ ಅಲ್ಲಿ ಕಲಿಸ್ತಾರೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕೋದನ್ನೂ ವಿಚಾರಿಸಿ. ಅಮ್ಮನ ಫೋನಲ್ಲಿ ಮ್ಯಾಗ್ನಿಫಿಕೇಶನ್ ಆನ್ ಮಾಡೋಕೆ ಎರಡು ನಿಮಿಷ ಸಾಕು. ಹಾಲು ಬಗ್ಗಿಸುವಾಗ ಸ್ಟೀಲ್ ಲೋಟ ಎಷ್ಟು ತುಂಬಿತು ಅಂತ ಅವರಿಗೆ ಗೊತ್ತಾಗ್ತಿಲ್ಲವಾ? ಒಳಗೆ ಕಪ್ಪು ಬಣ್ಣ ಇರೋ ಲೋಟ ತಂದುಕೊಡಿ.